ಬೋಕಿಗೆ ಅಂಟಿದ ಸುಣ್ಣ

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಕಲ್ಲು ಮಣ್ಣು ಪರೀಕ್ಷೆ ಮಾಡುವ ಕಡೆ ಕೆಲಸ ಸಿಕ್ಕಿದೆ. ಕಾಲಿಗೆ ಬಿದ್ದು ಹೋಗಲು ಬಂದವಳು, "ಅಜ್ಜೀ, ನೀವೂ ಲ್ಯಾಬಲ್ಲಿ ಇದ್ರಂತಲ್ಲ, ಹೆಂಗಿತ್ತು ಹೇಳಿ" ಅಂದಳು. ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಅಲ್ಲಿ ನನಗೆ ಯಾವ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಅನ್ನುವುದನ್ನೆಲ್ಲ ಬಿಟ್ಟುಬಿಡುತ್ತೇನೆ. ಶಾಲು ಯಾರೂ ಹೊದಿಸಲಿಲ್ಲ. ನಾನು ತೊಳೆದವಳು, ಅರೆದವಳು.

ನಮ್ಮದು ಹಲಸೂರಿನ ಕುಂಬಾರರ ಮನೆ. ಗಂಡ ಕೆಮ್ಮಿ ಕೆಮ್ಮಿ ಸತ್ತ ಮೇಲೆ ಮಗಳನ್ನು ಎತ್ತಿಕೊಂಡು ಅಪ್ಪನ ಮನೆಗೆ ವಾಪಸ್ಸು ಬಂದಿದ್ದೆ. ಅದು ಯುದ್ಧದ ಕಾಲ. ದಂಡಿನ, ಅಂದರೆ ಕಂಟೋನ್ಮೆಂಟಿನ ತುಂಬ ಸೋಲ್ಜರುಗಳು. ಬೆನ್ಸನ್ ಟೌನಿನ ಕಡೆ ಒಂದು ದೊಡ್ಡ ಬಂಗಲೆಯಲ್ಲಿ ಲ್ಯಾಬು ಇತ್ತು. ಪಟಾಲಮ್ಮಿನವರು ಕುಡಿಯುವ ನೀರು, ಔಷಧಿ, ಸಿಮೆಂಟು ಎಲ್ಲವೂ ಅಲ್ಲಿ ಪರೀಕ್ಷೆಗೆ ಬರುತ್ತಿತ್ತು. ಬಾಟಲಿ ತೊಳೆಯಲು ಗಂಡಾಳು ಸಿಗದೆ ಹೆಂಗಸರನ್ನು ತೆಗೆದುಕೊಂಡರು. ಹಾಗೆ ನಾನು ಒಳಗೆ ಹೋದೆ.

ತೊಳೆಯುವ ಕೋಣೆಗೆ ಯಜಮಾನಿ ಕುಪ್ಪಮ್ಮ. ಬ್ಲಾಕ್‌ಪಳ್ಳಿಯಲ್ಲಿ, ಅಂದರೆ ಈಗಿನ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ತಮಿಳು ಹೆಂಗಸು. ನನಗಿಂತ ಹತ್ತು ಹದಿನೈದು ವರ್ಷಕ್ಕೆ ದೊಡ್ಡವಳು. ನಾನು ಕುಪ್ಪಕ್ಕ ಅನ್ನುತ್ತಿದ್ದೆ. ಮೊದಲನೆಯ ದಿನವೇ ಬೈಸಿಕೊಂಡೆ.

"ಏನ್ಡೀ, ನಿಮ್ಮತ್ತೆ ಮನೆ ಸೋರೆ ಬುರುಡೆ ಅನ್ಕೊಂಡ್ಯಾ? ಈ ಬಾಟ್ಲಿ ಒಡೆದ್ರೆ ನಿನ್ ತಾಳಿ ಮಾರಿದ್ರೂ ಸಾಲಲ್ಲ."

"ತಾಳಿ ಇಲ್ಲ ಅಕ್ಕ."

ಅವಳು ನನ್ನ ಕುತ್ತಿಗೆ ನೋಡಿದಳು. "ಹಂಗಾದ್ರೆ ಒಡೀಲೇಬೇಡ" ಅಂದಳು. ಅಷ್ಟೇ. ಅಯ್ಯೋ ಪಾಪ ಅನ್ನಲಿಲ್ಲ. ಆವತ್ತಿನಿಂದ ನನಗೆ ಅವಳು ಸರಿ ಅನ್ನಿಸಿದಳು.

ಅವಳ ಗಂಡನಿಗೆ ಲಕ್ವ ಹೊಡೆದು ಒಂದು ಕಡೆ ಪೂರ್ತಿ ಬಿದ್ದುಹೋಗಿತ್ತು. ಕಾಂಪೌಂಡಿನ ಹಿಂದೆ ಆಳುಗಳಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು ಕೋಣೆ ಕೊಟ್ಟಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಓಡಿಹೋಗಿ ಗಂಡನಿಗೆ ಗಂಜಿ ಕುಡಿಸಿ, ಮಗ್ಗುಲು ತಿರುಗಿಸಿ, ಬಟ್ಟೆ ಬದಲಾಯಿಸಿ ಬರುತ್ತಿದ್ದಳು. ಕೆಲಸ ಇರುವ ತನಕ ಆ ಕೋಣೆ. ಕೆಲಸ ಹೋದರೆ ಕೋಣೆಯೂ ಹೋಯಿತು. ದೂರದಲ್ಲಿ ಮನೆ ಹಿಡಿದರೆ ಹಗಲೆಲ್ಲ ಆ ಮನುಷ್ಯನನ್ನು ನೋಡುವವರು ಯಾರು? ಕುಪ್ಪಕ್ಕನಿಗೆ ಲ್ಯಾಬು ಅಂದರೆ ಇದು. ಮುಂದಿನದನ್ನು ಓದುವಾಗ ಇದು ತಲೆಯಲ್ಲಿರಲಿ.

ಅವಳು ದೃಷ್ಟಿ ತೆಗೆಯುವುದರಲ್ಲಿ ಎತ್ತಿದ ಕೈ. ಸಾಲುಮನೆಯ ಯಾವ ಮಗು ಅತ್ತರೂ ಅವಳ ಹತ್ತಿರವೇ ಬರುತ್ತಿತ್ತು. ಗೇಟು ಕಾಯುವ ಕರೀಂ ಸಾಬ್ ಸಹ ತನ್ನ ಮಗಳನ್ನು ಕರೆದುಕೊಂಡು ಬರುತ್ತಿದ್ದ.

ದೊಡ್ಡ ಸಾಹೇಬ ಬಿಳಿಯ. ನಾವು ದೊರೆ ಅನ್ನುತ್ತಿದ್ದೆವು. ಅವನಿಗೆ ಹಳೆಯ ಬೋಕಿಯ ಹುಚ್ಚು. ಬೋಕಿ ಅಂದರೆ ಒಡೆದ ಮಡಕೆ ಚೂರು. ನಾವು ಚಿಕ್ಕವರಿದ್ದಾಗ ಕುಂಟಾಬಿಲ್ಲೆ ಆಡಲು ಆರಿಸಿಕೊಳ್ಳುತ್ತಿದ್ದೆವಲ್ಲ, ಅದು. ನಮ್ಮ ಮನೆಯ ಹಿತ್ತಲಲ್ಲಿ ರಾಶಿ ಬಿದ್ದಿರುತ್ತಿತ್ತು. ಇಲ್ಲಿ ನೋಡಿದರೆ ಅದನ್ನು ಹತ್ತಿಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ತರಿಸುತ್ತಿದ್ದರು. ಯುದ್ಧ ಮುಗಿಯುತ್ತ ಬಂದು ಪಟಾಲಮ್ಮಿನ ಕೆಲಸ ಕಡಿಮೆಯಾದ ಮೇಲೆ ಅವನ ಹುಚ್ಚು ಜಾಸ್ತಿಯಾಯಿತು.

ದೊರೆಯ ಕೈಕೆಳಗೆ ಕೆಮಿಸ್ಟು ಶೇಷಗಿರಿ ರಾಯರು. ಕಚ್ಚೆ ಪಂಚೆ, ಮೇಲೆ ಕೋಟು, ಸೈಕಲ್ಲಿನಲ್ಲಿ ಬಸವನಗುಡಿಯಿಂದ ಬರುತ್ತಿದ್ದರು. ಕೆಟ್ಟವರೇನಲ್ಲ. ಬೋಕಿ ಅರೆಯುವುದನ್ನು ನನಗೆ ಕಲಿಸಿದವರೂ ಅವರೇ. ಅಂಗೈಯಷ್ಟು ಅಗಲದ, ಗಾಜಿನಂತೆ ನುಣುಪಾದ ಕಲ್ಲಿನ ಬಟ್ಟಲು, ಅದಕ್ಕೊಂದು ಗುಂಡು. ಅದರಲ್ಲಿ ಚೂರನ್ನು ಹಾಕಿ, ಬೆರಳಿಗೆ ಒಂದು ಹರಳೂ ತಾಗದ ಹಾಗೆ, ಕುಂಕುಮದಷ್ಟು ನುಣ್ಣಗೆ ಅರೆಯಬೇಕು. ರಟ್ಟೆ ಬಿದ್ದುಹೋಗುತ್ತಿತ್ತು. ಆಮೇಲೆ ರಾಯರು ಅದನ್ನು ಸೋಡ ಜೊತೆ ಕಾಯಿಸಿ ಕರಗಿಸಿ, ಆಸಿಡ್ಡು ಹಾಕಿ, ಸೋಸಿ, ಅದರಲ್ಲಿ ಕಬ್ಬಿಣ ಎಷ್ಟು, ಸುಣ್ಣ ಎಷ್ಟು ಎಂದು ತೂಗುತ್ತಿದ್ದರು. ಒಂದೊಂದು ಬೋಕಿಗೆ ವಾರಗಟ್ಟಲೆ ಹಿಡಿಯುತ್ತಿತ್ತು.

"ಇದೆಲ್ಲ ಯಾಕೆ ಸಾರ್?" ಅಂತ ಒಂದು ದಿನ ಕೇಳಿದೆ.

"ನೋಡು ಮುನಿಯಮ್ಮ, ನಿಮ್ಮ ಹಲಸೂರು ಕೆರೆ ಮಣ್ಣು ಬೇರೆ, ಕೆ.ಆರ್. ಪುರದ ಕೆರೆ ಮಣ್ಣು ಬೇರೆ. ಸುಟ್ಟ ಮೇಲೂ ಆ ವ್ಯತ್ಯಾಸ ಹೋಗಲ್ಲ. ಮಡಕೇಲಿ ಏನೇನಿದೆ ಅಂತ ತೂಗಿದ್ರೆ, ಅದು ಯಾವ ಕಡೆ ಮಣ್ಣು ಅಂತ ಗೊತ್ತಾಗುತ್ತೆ."

"ನಮ್ಮಪ್ಪ ಎರಡು ಕೆರೇದೂ ಸೇರ್ಸಿ ಕಲಸ್ತಾರೆ ಸಾರ್."

"ತಲೆ ತಿನ್ಬೇಡ. ಅರಿ."

ಒಂದು ಬೇಸಿಗೆಯಲ್ಲಿ ಬಂದ ಪೆಟ್ಟಿಗೆ ಉತ್ತರದ ಕಡೆಯ ಯಾವುದೋ ಗುಡ್ಡದ್ದು. ಅಲ್ಲಿ ಬಂಡೆಯ ಮರೆಯಲ್ಲಿ ಹಿಂದೆ ಯಾವ ಕಾಲದಲ್ಲೋ ಜನ ಇದ್ದರಂತೆ. ಉಳಲಿಲ್ಲ, ಬಿತ್ತಲಿಲ್ಲ, ಹಸು ಕಟ್ಟಲಿಲ್ಲ. ಜಿಂಕೆ ಹೊಡೆದು, ಗೆಡ್ಡೆ ಕಿತ್ತು ತಿಂದುಕೊಂಡಿದ್ದವರು. ಅಂಥವರ ಹತ್ತಿರ ಮಡಕೆ ಇತ್ತು. ಅವರೇ ಮಾಡಿಕೊಂಡರೋ, ಬಯಲಿನಲ್ಲಿ ಬೇಸಾಯ ಮಾಡುತ್ತಿದ್ದವರಿಂದ ತಂದರೋ? ದೊರೆಗೆ ಅದು ಗೊತ್ತಾಗಬೇಕಿತ್ತು. ಗುಡ್ಡದ ಹಳ್ಳದ ಮಣ್ಣು ಕೆಂಪು, ಅದರಲ್ಲಿ ಸುಣ್ಣ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬಯಲಿನ ಕರಿಮಣ್ಣಿನಲ್ಲಿ ಸುಣ್ಣದ ಹರಳು ತುಂಬಿಕೊಂಡಿರುತ್ತದೆ. ಆದ್ದರಿಂದ ಬೋಕಿಯಲ್ಲಿ ಸುಣ್ಣ ಕಂಡರೆ ಬಯಲಿನದು, ಕಾಣದಿದ್ದರೆ ಗುಡ್ಡದ್ದು. ಇಷ್ಟೇ ವಿಷಯ.

ಶನಿವಾರ ಪೆಟ್ಟಿಗೆ ಬಿಚ್ಚಿದೆವು. ಕುಪ್ಪಕ್ಕ ಬೋಕಿಗಳನ್ನು ಒಂದೊಂದಾಗಿ ತಗಡಿನ ತೊಟ್ಟಿಗೆ ಹಾಕುತ್ತಿದ್ದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಮಣ್ಣಿನ ಹೆಂಟೆಯೊಳಗೆ ಒಂದು ಸಣ್ಣ ದವಡೆ. ಹಾಲುಹಲ್ಲು ಇನ್ನೂ ಹಾಗೇ ಇದ್ದವು.

"ಮಗೂದು" ಅಂದಳು.

ಇಬ್ಬರೂ ದೂರ ಸರಿದು ನಿಂತೆವು. ಯಾವ ಕಾಲದ್ದಾದರೇನು, ಮಗು ಮಗುವೇ. ಹೂತಿದ್ದನ್ನು ಕಿತ್ತು ತಂದಿದ್ದಾರೆ. ನಾವು ಮುಟ್ಟುವುದಿಲ್ಲ ಅಂದೆವು.

ರಾಯರು ಬಂದರು. "ಏನ್ ನಿಮ್ಮ ಗಲಾಟೆ? ದೊರೆ ಊಟಕ್ಕೆ ಮುಂಚೆ ನೋಡಕ್ಕೆ ಬರ್ತಾರೆ. ಅದು ಕಲ್ಲಾಗಿದೆ ಕಣ್ರೇ, ಮೂಳೆ ಎಲ್ಲಿದೆ?" ಎನ್ನುತ್ತ ಕೈಯಲ್ಲಿ ಎತ್ತಿಕೊಂಡರು. ತಿರುಗಿಸಿದರು. ಹಲ್ಲು ಕಂಡಿತು.

ಅವರ ಹೆಂಡತಿ ಆಗ ಮೂರು ತಿಂಗಳ ಬಸುರಿ. ಅದಕ್ಕೆ ಮುಂಚೆ ಎರಡು ಆಗಿ ಎರಡೂ ಉಳಿದಿರಲಿಲ್ಲ. ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಕೈಯಲ್ಲಿದ್ದುದನ್ನು ಮೆಲ್ಲಗೆ ಹತ್ತಿಯ ಮೇಲೆ ಇಟ್ಟರು. ಬಾಗಿಲ ಕಡೆ ನೋಡಿದರು. ಆಮೇಲೆ ದನಿ ಇಳಿಸಿ, "ಕುಪ್ಪಮ್ಮ, ಏನಾದ್ರೂ ಮಾಡ್ತೀಯಾ?" ಅಂದರು.

"ಮಾಡ್ತೀನಿ ಸಾರ್. ಎಲ್ರೂ ಮುಟ್ಟಿದ್ದೀವಿ, ಎಲ್ರಿಗೂ ಮಾಡ್ಬೇಕು."

ನನ್ನನ್ನು ಕೋಣೆಗೆ ಓಡಿಸಿ ಅರಿಶಿನ ತರಿಸಿದಳು. ಎಲೆಯಡಿಕೆಗೆಂದು ಕರಂಡಕದಲ್ಲಿ ಇಟ್ಟಿದ್ದ ಸುಣ್ಣವನ್ನೆಲ್ಲ ತರಿಸಿದಳು. ಬೇಸಿನ್ನಿನ ತುಂಬ ನೀರು ಹಿಡಿದು ಎರಡನ್ನೂ ಕದಡಿದಳು. ನೀರು ರಕ್ತದ ಹಾಗೆ ಕೆಂಪಾಯಿತು. ನಿಮ್ಮ ಮನೆಗಳಲ್ಲಿ ಮದುಮಕ್ಕಳಿಗೆ, ಬಾಣಂತಿಗೆ ಎತ್ತುತ್ತಾರಲ್ಲ, ಅದೇ ಓಕುಳಿ ನೀರು. ಅರಿಶಿನದ ನೀರು ಕೆಂಪಾಗುವುದು ಸುಣ್ಣದಿಂದ ಎಂದು ಅಡುಗೆ ಮನೆಯ ಹುಡುಗಿಗೂ ಗೊತ್ತು. ಕೆಮಿಸ್ಟಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವತ್ತು ಆ ಕೋಣೆಯಲ್ಲಿ ಕೆಮಿಸ್ಟು ಇರಲಿಲ್ಲ. ಹೆರಿಗೆಗೆ ಹೆದರಿದ ಗಂಡಸೊಬ್ಬ ಇದ್ದ.

"ಚಪ್ಲಿ ಬಿಡಿ ಸಾರ್. ಆ ಕಡೆ ತಿರುಗಿ ನಿಲ್ಲಿ. ಕಣ್ ಮುಚ್ಕೊಳಿ."

ರಾಯರು ಚಪ್ಪಲಿ ಬಿಟ್ಟು, ಕೋಟಿನ ಗುಂಡಿ ಹಾಕಿಕೊಂಡು, ಶಾಲೆಯ ಹುಡುಗನ ಹಾಗೆ ನಿಂತರು. ಕುಪ್ಪಕ್ಕ ನಿವಾಳಿಸಿದಳು. ನನಗೂ ತನಗೂ ನಿವಾಳಿಸಿಕೊಂಡಳು. ಕೊನೆಗೆ ಆ ಬೋಕಿಯ ತೊಟ್ಟಿಗೂ ಮೂರು ಸುತ್ತು ಸುತ್ತಿಸಿದಳು.

ನಿವಾಳಿಸಿದ ನೀರನ್ನು ಹೊರಗೆ, ದಾರಿ ಕೂಡುವ ಕಡೆ ಚೆಲ್ಲಬೇಕು. ಬೇಸಿನ್ನು ಎತ್ತಿಕೊಂಡು ಗೇಟಿಗೆ ಹೋದೆವು. ಕೆಲಸದ ಹೊತ್ತಿನಲ್ಲಿ ಪಾಸಿಲ್ಲದೆ ಹೊರಗೆ ಬಿಡುವಂತಿರಲಿಲ್ಲ. ಯುದ್ಧದ ಕಾಲದ ರೂಲು, ಆಗಲೂ ನಡೆಯುತ್ತಿತ್ತು.

"ಅರೆ ಕುಪ್ಪಮ್ಮಾ, ಕೆಂಪ್ ನೀರ್ ತಗೊಂಡ್ ಎಲ್ಲಿಗೆ ಸವಾರಿ?" ಅಂದ ಕರೀಂ ಸಾಬ್. "ಬಿಟ್ರೆ ನನ್ ನೌಕ್ರಿ ಹೋಗ್ತದೆ. ಹಿಂಗೇ ಇಲ್ಲಿ ಸುರಿದ್ರೆ ದೊರೆ ಬೂಟು ಅದರ್ ಮೇಲೇ ಬರ್ತದೆ. ಆಮೇಲೆ ದೊರೆಗೆ ದೃಷ್ಟಿ ಹತ್ತಿ ನಮ್ಮನ್ನೆಲ್ಲ ತಿಂದಾಕ್ತಾನೆ."

ವಾಪಸ್ಸು ಬಂದು ರಾಯರನ್ನೇ ಕೇಳಿದಳು. "ಎಲ್ಲಿ ಸುರೀಲಿ ಸಾರ್?"

ರಾಯರು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು. ದೊರೆಯ ಬೂಟಿನ ಸದ್ದು ವರಾಂಡದಲ್ಲಿ ಕೇಳಿಸುತ್ತಿತ್ತು. "ಆ ತೊಟ್ಟಿಗೇ ಸುರಿ. ಹೇಗೂ ತೊಳೀತೀರಲ್ಲ."

"ಪರವಾಗಿಲ್ವಾ ಸಾರ್?"

"ಸುರೀ ಅಂದ್ನಲ್ಲ!"

ಸುರಿದಳು. ದೊರೆ ಬಂದವನು ಹತ್ತಿಯ ಮೇಲಿದ್ದ ದವಡೆಯನ್ನು ಎತ್ತಿಕೊಂಡು ಹೋದ, ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಶನಿವಾರ ಅರ್ಧ ದಿನ. ಬಾಗಿಲು ಹಾಕಿಕೊಂಡು ಹೋದೆವು. ಬೋಕಿಗಳು ಸೋಮವಾರದ ತನಕ ಆ ನೀರಿನಲ್ಲೇ ನೆನೆದವು. ಹಸಿಬಿಸಿ ಸುಟ್ಟ ಹಳೆಯ ಬೋಕಿ, ಒಣಗಿದ ನೆಲದ ಹಾಗೆ ನೀರು ಕುಡಿಯುತ್ತದೆ. ಸೋಮವಾರ ತೊಳೆದೆವು, ಒಣಗಿಸಿದೆವು, ಅರೆದು ಕೊಟ್ಟೆವು.

ಸುಣ್ಣ ಬಂತು. ರಾಯರ ಗಾಜಿನ ಲೋಟದ ತಳದಲ್ಲಿ ಬಿಳಿಯ ಪುಡಿ ಬೆರಳು ದಪ್ಪ ಕೂತಿತು. ದೊರೆ ಕುಣಿದಾಡಿದ. ಬಯಲಿನ ಮಡಕೆ! ಬೇಟೆಯವರು ಜಿಂಕೆ ಮಾಂಸ ಕೊಟ್ಟು ಬೇಸಾಯದವರಿಂದ ಮಡಕೆ ತರುತ್ತಿದ್ದರು! ರಾಯರ ಬೆನ್ನು ತಟ್ಟಿದ. ತೊಳೆಯುವ ಕೋಣೆಗೂ ಬಿಸ್ಕತ್ತು ಕಳಿಸಿದ. ರಾಯರು ನಗಲಿಲ್ಲ. ನಮಗೆ ಅದರ ಅರ್ಥ ಆಗಲಿಲ್ಲ. ನಾವು ಬಿಸ್ಕತ್ತು ತಿಂದೆವು.

ಮಳೆಗಾಲ ಕಳೆದ ಮೇಲೆ ಅದೇ ಗುಡ್ಡದಿಂದ ಎರಡನೆಯ ಪೆಟ್ಟಿಗೆ ಬಂತು. ಕುಪ್ಪಕ್ಕ ಕಡ್ಡಿಯಲ್ಲಿ ಕೆದಕಿ ಕೆದಕಿ ನೋಡಿ, "ಇದ್ರಲ್ಲಿ ಯಾರೂ ಇಲ್ಲ" ಅಂದಳು. ಬರಿಯ ನೀರಿನಲ್ಲಿ ತೊಳೆದೆವು. ಈ ಸಲ ಸುಣ್ಣ ಕಾಣಲಿಲ್ಲ. ದೊರೆ ಎರಡು ಪೆಟ್ಟಿಗೆಯ ಬೋಕಿಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಕೂತ. ಮೊದಲನೆಯ ಪೆಟ್ಟಿಗೆಯ ಒಂದು ಕಂಠದ ಚೂರಿಗೆ ಎರಡನೆಯ ಪೆಟ್ಟಿಗೆಯ ಚೂರನ್ನು ಹಿಡಿದ. ಹಲ್ಲಿಗೆ ಹಲ್ಲು ಕೂತಿತು. ಒಂದೇ ಮಡಕೆ. ಅರ್ಧಕ್ಕೆ ಸುಣ್ಣ ಇದೆ, ಅರ್ಧಕ್ಕೆ ಇಲ್ಲ. ಅಷ್ಟು ಹೊತ್ತಿಗೆ ಅವನು ತನ್ನ ಬಯಲಿನ ಕಥೆಯನ್ನು ಸೀಮೆಗೆ, ಅಂದರೆ ಇಂಗ್ಲೆಂಡಿಗೆ ಬರೆದು ಕಳಿಸಿ ಆಗಿತ್ತು.

ಮಾರನೆಯ ದಿನ ನಮ್ಮಿಬ್ಬರನ್ನೂ ದೊರೆಯ ಕೋಣೆಗೆ ಕರೆಸಿದರು. ದೊರೆಗೆ ಕನ್ನಡ ಬಾರದು, ತಮಿಳೂ ಬಾರದು. ನನಗೆ ಆಗ ಬರುತ್ತಿದ್ದ ಇಂಗ್ಲಿಷು ಯೆಸ್, ನೋ, ಗೆಟೌಟ್. ನಡುವೆ ನಿಂತು ಅಲ್ಲಿಯದನ್ನು ಇಲ್ಲಿಗೆ, ಇಲ್ಲಿಯದನ್ನು ಅಲ್ಲಿಗೆ ಹೇಳುತ್ತಿದ್ದವರು ರಾಯರು.

"ಮೊದಲನೇ ಪೆಟ್ಟಿಗೆಯ ಬೋಕಿಗೆ ಸುಣ್ಣ ಹೇಗೆ ಬಂತು ಅಂತ ದೊರೆ ಕೇಳ್ತಿದಾರೆ" ಅಂದರು ರಾಯರು. ಗೋಡೆ ನೋಡಿಕೊಂಡು ಕೇಳಿದರು.

ಕುಪ್ಪಕ್ಕ ಅವರನ್ನೇ ನೋಡಿದಳು. "ನೀವೇ ಹೇಳಿ ಸಾರ್."

"ನಿನ್ನನ್ನ ಕೇಳ್ತಿದಾರೆ."

"ಮಗು ಮೂಳೆ ಇತ್ತು. ದೃಷ್ಟಿ ತೆಗೆದೆ. ನಿಮಗೂ ತೆಗೆದೆ. ಚಪ್ಲಿ ಬಿಟ್ಟು ನಿಂತಿದ್ರಿ. ನೀರು ಹೊರಗೆ ಚೆಲ್ಲಕ್ಕೆ ಹೋದೆ, ಗೇಟಲ್ಲಿ ಬಿಡ್ಲಿಲ್ಲ. ಎಲ್ಲಿ ಸುರೀಲಿ ಅಂದೆ. ತೊಟ್ಟಿಗೇ ಸುರಿ ಅಂದ್ರಿ. ಪರವಾಗಿಲ್ವಾ ಅಂತ ಇನ್ನೊಂದ್ ಸಲ ಕೇಳ್ದೆ ಸಾರ್. ಕೇಳ್ದೆನೋ ಇಲ್ವೋ? ಅದನ್ನೂ ಹೇಳಿ ದೊರೆಗೆ."

ಇಷ್ಟು ಉದ್ದ ಹೇಳಿದಳು. ರಾಯರು ದೊರೆಯ ಕಡೆ ತಿರುಗಿ ನಾಲ್ಕು ಮಾತು ಆಡಿದರು. ಬರೀ ನಾಲ್ಕು.

ಅಷ್ಟು ಮಾತು ಅಷ್ಟು ಗಿಡ್ಡ ಹೇಗಾಗುತ್ತದೆ ಎಂದು ತಿಳಿಯಲು ಇಂಗ್ಲಿಷು ಬರಬೇಕಿಲ್ಲ. "ಸಾರ್, ಪೂರ್ತಿ ಹೇಳಿ. ನಾನೂ ಅಲ್ಲೇ ಇದ್ದೆ. ನೀವು ಹೇಳಿದ್ದಕ್ಕೇ ಸುರಿದ್ಲು" ಎಂದು ನಾನು ಕೂಗಿದೆ. ದೊರೆ ನನ್ನ ಕಡೆ ಕೈತೋರಿಸಿ ಏನೋ ಕೇಳಿದ. ರಾಯರು ತಲೆ ಅಲ್ಲಾಡಿಸಿ ಇನ್ನೆರಡು ಮಾತು ಆಡಿದರು. "ನೀನು ಹೋಗು ಮುನಿಯಮ್ಮ, ಕೆಲಸ ನೋಡು" ಅಂದರು. ಬಾಗಿಲ ಹೊರಗಿದ್ದ ಕರೀಂ ಸಾಬ್‌ಗೆ ದೊರೆಗಳ ಮನೆಯಲ್ಲಿ ದುಡಿದು ದುಡಿದು ಇಂಗ್ಲಿಷು ಬರುತ್ತಿತ್ತು. ಆಮೇಲೆ ಹೇಳಿದ: ಮೊದಲನೆಯದು, ತಾನೇ ಮಾಡಿದೆ ಅಂತ ಒಪ್ಪಿದ್ದಾಳೆ. ಎರಡನೆಯದು, ಇವಳು ಅವಳ ಕಡೆಯವಳು.

"ನೀನ್ಯಾಕೆ ಒಳಗ್ ಬಂದು ಹೇಳ್ಲಿಲ್ಲ ಸಾಬಣ್ಣ?" ಅಂದೆ.

"ಗೇಟ್ ಕಾಯೋನು ಒಳಗ್ ಬಂದ್ ಹೇಳ್ತಾನಾ ಬೆಹೆನ್?" ಅಂದ. ಅವನನ್ನು ಬೈದು ಏನು ಮಾಡಲಿ?

ತಿಂಗಳು ಮುಗಿಯುವುದರೊಳಗೆ ಕೋಣೆ ಖಾಲಿ ಮಾಡಬೇಕು ಎಂದರು. ಕುಪ್ಪಕ್ಕ ಅಳಲಿಲ್ಲ. ಲಕ್ವದ ಗಂಡನನ್ನು ಚಾಪೆಯ ಸಮೇತ ನಾನೂ ಕರೀಂ ಸಾಬೂ ಎತ್ತಿ ಕೈಗಾಡಿಯ ಮೇಲೆ ಮಲಗಿಸಿದೆವು. ಅವನಿಗೆ ಒಂದು ಕೈ ಮಾತ್ರ ಆಡುತ್ತಿತ್ತು. ಆ ಕೈಯಲ್ಲಿ ಗೋಡೆಯ ಮೊಳೆ ಹಿಡಿದುಕೊಂಡು ಬಿಡಲಿಲ್ಲ. ಕುಪ್ಪಕ್ಕ ಒಂದೊಂದೇ ಬೆರಳು ಬಿಡಿಸಿದಳು. ಬ್ಲಾಕ್‌ಪಳ್ಳಿಯಲ್ಲಿ ತಮ್ಮನ ಮನೆಯ ಜಗಲಿಯಲ್ಲಿ ಇಟ್ಟುಕೊಂಡಳು. ಆ ಚಳಿಗಾಲ ಅವನು ದಾಟಲಿಲ್ಲ.

ತೊಳೆಯುವ ಕೋಣೆಯ ಬಾಗಿಲಿಗೆ ಬೋರ್ಡು ಬಂತು. ಸುಣ್ಣ, ಅರಿಶಿನ, ಎಲೆಯಡಿಕೆ ಒಳಗೆ ತರಕೂಡದು. ಬರೆಸಿದವರು ರಾಯರು. ದೊರೆ ಮಾತ್ರ ತಾನು ಸೇದುವ ಪೈಪಿನ ಬೂದಿಯನ್ನು ಮೊದಲಿನ ಹಾಗೆಯೇ ಬೋಕಿಯೊಳಗೆ ತಟ್ಟುತ್ತಿದ್ದ. ಅದಕ್ಕೆ ಬೋರ್ಡು ಬರಲಿಲ್ಲ.

ಕೆಲಸದ ರೀತಿಯೂ ಬದಲಾಯಿತು. ಈಗ ನಿಮಗೆ ಮೊದಲ ದಿನವೇ ಕಲಿಸುತ್ತಾರೆ: ಬೋಕಿಯ ಹೊರಮೈಯನ್ನು ಕೆರೆದು ಬಿಸಾಡು, ಒಳಗಿನದನ್ನು ಮಾತ್ರ ಅರಿ, ಬಟ್ಟಿ ಇಳಿಸಿದ ನೀರಿನಲ್ಲೇ ತೊಳೆ, ತೊಳೆದ ನೀರನ್ನೂ ಒಂದು ಸೀಸೆ ಎತ್ತಿಟ್ಟು ಪರೀಕ್ಷೆ ಮಾಡು. ನಮ್ಮಲ್ಲಿ ಅದು ಶುರುವಾದದ್ದು ಆ ಬೇಸಿನ್ನಿನ ನೀರಿನಿಂದ. ಆಮೇಲೆ ಕಿಡಿ ಹಾರಿಸಿ ಬೆಳಕು ನೋಡಿ ಲೆಕ್ಕ ಹೇಳುವ ಯಂತ್ರ ಬಂತು. ವಾರದ ಕೆಲಸ ಗಂಟೆಗೆ ಇಳಿಯಿತು. ಅರೆಯುವುದು ಮಾತ್ರ ತಪ್ಪಲಿಲ್ಲ. ಯಂತ್ರಕ್ಕೂ ಪುಡಿ ಬೇಕು.

ಆ ಬೋಕಿಗಳನ್ನು ಹೊಸದಾಗಿ ಮೈ ಕೆರೆದು ನಾನೊಬ್ಬಳೇ ಅರೆದೆ. ಸುಣ್ಣ ಇರಲಿಲ್ಲ. ಹಳ್ಳದ ಕೆಂಪು ಮಣ್ಣೇ. ಆ ಬೇಟೆಯ ಜನ ಯಾರ ಹತ್ತಿರವೂ ಹೋಗದೆ ತಮ್ಮ ಮಡಕೆ ತಾವೇ ಮಾಡಿಕೊಂಡಿದ್ದರು. ದೊರೆಗೆ ಈ ಉತ್ತರ ರುಚಿಸಲಿಲ್ಲ. ಸ್ವಾತಂತ್ರ್ಯ ಬಂದಾಗ ಅವನು ಹಡಗು ಹತ್ತಿದ. ಅವನ ಕುರ್ಚಿಗೆ ರಾಯರು ಬಂದರು.

ನಾನು ಯಾಕೆ ಬಿಡಲಿಲ್ಲ ಎಂದು ನೀವು ಕೇಳಬಹುದು. ಬಿಟ್ಟರೆ ಮಗಳಿಗೆ ಅನ್ನ ಹಾಕುವವರು ಯಾರು? ರಾಯರು ಯಾಕೆ ನನ್ನನ್ನು ಕಳಿಸಲಿಲ್ಲ? ಅಷ್ಟು ನುಣ್ಣಗೆ ಅರೆಯುವವರು ಬೇರೆ ಇರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮೂವತ್ತು ವರ್ಷ ಹಾಗೆಯೇ ನಡೆಯಿತು.

ಕುಪ್ಪಕ್ಕ ಹೋದ ಬೆನ್ನಲ್ಲೇ ರಾಯರ ಹೆಂಡತಿಗೆ ಗಂಡು ಮಗುವಾಗಿತ್ತು. ಅದಾದ ಕೆಲವು ವಾರಕ್ಕೆ ಒಂದು ದಿನ ರಾಯರು ತೊಳೆಯುವ ಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಮುನಿಯಮ್ಮ, ಮಗು ಹಗಲೂ ರಾತ್ರಿ ಕಿರುಚುತ್ತೆ. ಡಾಕ್ಟ್ರು ಏನೂ ಇಲ್ಲ ಅಂತಾರೆ. ನೀನು ಒಂದ್ಸಲ ಮನೆಗೆ ಬಂದು… ಕುಪ್ಪಮ್ಮ ತೆಗೀತಿದ್ಲಲ್ಲ, ಹಾಗೆ ತೆಗೀತೀಯಾ?"

ನಾನು ಬಟ್ಟಲು ಕೆಳಗಿಟ್ಟೆ. ಅವರ ತಲೆಯ ಮೇಲಿದ್ದ ಬೋರ್ಡಿನ ಕಡೆ ಕೈ ತೋರಿಸಿದೆ.

"ನನ್ ಕೈಗೆ ಸುಣ್ಣ ಸೋಕ್ಬಾರ್ದಲ್ಲ ಸಾರ್. ಕುಪ್ಪಕ್ಕನ ಕೈಗೆ ಯಾವ ಬೋರ್ಡೂ ಇಲ್ಲ. ಮಾರ್ಕೆಟ್ಟಿನ ಹತ್ರ ಕೂತಿರ್ತಾಳೆ. ನೀವೇ ಹೋಗಿ ಕರೀರಿ."

ರಾಯರು ಹೋದರು. ಕರೆಯಲು ಹೋಗಲಿಲ್ಲ, ವಾಪಸ್ಸು ತಮ್ಮ ಕೋಣೆಗೆ ಹೋದರು.

ಆ ಭಾನುವಾರ ನಾನು ಮಾರ್ಕೆಟ್ಟಿಗೆ ಹೋದೆ. ಕುಪ್ಪಕ್ಕ ಹೊರಗಿನ ಮೆಟ್ಟಿಲ ಹತ್ತಿರ ಗೋಣಿ ಹಾಸಿಕೊಂಡು ವೀಳ್ಯದೆಲೆ ಮಾರುತ್ತಿದ್ದಳು. ಮುಂದೆ ಎಲೆಯ ಕಟ್ಟು, ಅಡಿಕೆ, ಸುಣ್ಣದ ಗಡಿಗೆ. ನನ್ನನ್ನು ಕಂಡದ್ದೇ, "ಅಡಿಯೇ, ಅಲ್ಲೇ ನಿಲ್ಲು, ದೂರ! ನನ್ ಸುಣ್ಣ ನಿನ್ ಬೋಕಿಗೆ ಅಂಟ್ಕೊಂಡ್ರೆ ಮಾರ್ಕೆಟ್ನಿಂದ್ಲೂ ಎಬ್ಬಿಸ್ಬಿಡ್ತಾರೆ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಪಕ್ಕದ ಹೂವಿನವಳು ಅರ್ಥವಾಗದೆ ನಕ್ಕಳು.

ಪಕ್ಕ ಕೂತು ರಾಯರು ಕೇಳಿದ್ದು, ನಾನು ಅಂದದ್ದು ಎಲ್ಲ ಹೇಳಿದೆ. ಅವಳಿಗೆ ಖುಷಿಯಾಗಬಹುದು ಅಂದುಕೊಂಡಿದ್ದೆ. ಎಲೆಗೆ ನೀರು ಚಿಮುಕಿಸುತ್ತ ಕೇಳಿಸಿಕೊಂಡಳು.

"ಏನ್ ಮಗು?"

"ಗಂಡು."

"ಹಾಲು ಕುಡೀತಾ ಇದ್ಯಾ?"

"ಕುಡೀತಾ ಇದೆಯಂತೆ. ಕಿರುಚುತ್ತೆ ಅಷ್ಟೇ."

"ಕಿರುಚ್ಲಿ. ಉಳ್ಕೊಂಡಿದೆಯಲ್ಲ. ಮೊದಲ್ನೇ ಎರಡು ಕಿರುಚ್ಲೇ ಇಲ್ಲ." ಗಡಿಗೆಯಿಂದ ಬೆರಳಲ್ಲಿ ಸುಣ್ಣ ತೆಗೆದು ಎಲೆಯ ಬೆನ್ನಿಗೆ ಸವರಿದಳು. "ಅದಕ್ಕೂ ಸೇರಿಸೇ ಕಣೇ ಆವತ್ತು ನಿವಾಳಿಸಿದ್ದು. ಅದನ್ ಹೇಳಿದ್ನಾ ದೊರೆಗೆ, ಅವನು?"

ಎಲೆ ಮಡಿಸಿ ನನ್ನ ಕೈಗಿಟ್ಟಳು. ಅಲ್ಲೇ ಕೂತು ಜಗಿದೆ. ಸೋಮವಾರ ಬೆಳಿಗ್ಗೆ ಉಗುರಿನ ಸಂದಿಯನ್ನೆಲ್ಲ ಕಡ್ಡಿಯಲ್ಲಿ ಕೆರೆದು, ಸೋಪು ಹಾಕಿ ಉಜ್ಜಿ ತೊಳೆದುಕೊಂಡು ಕೆಲಸಕ್ಕೆ ಹೋದೆ.